ಮುಲಾಮಿನ ಮೂರನೇ ವಾರ

2012ರ ಮಾರ್ಚ್ 31, ಶನಿವಾರ, ಒಂದು ಕಾಲದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಆಕೆ ಸ್ವಯಂನಿವೃತ್ತಿ ಪಡೆದಳು. ಒಂದು ವಿಮಾನ ಸಂಸ್ಥೆಯ ಪ್ರಯಾಣಿಕರ ಕೌಂಟರಿನಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿದ್ದಳು. ಹದಿನೆಂಟು ವರ್ಷ ಬೇಗಂಪೇಟೆಯ ಹಳೆಯ ನಿಲ್ದಾಣದಲ್ಲಿ, ಉಳಿದ ನಾಲ್ಕು ವರ್ಷ ಶಂಶಾಬಾದಿನ ಹೊಸದರಲ್ಲಿ. ಬೀಳ್ಕೊಡುಗೆ ಬೇಗಂಪೇಟೆಯ ಒಂದು ಹೋಟೆಲಿನ ಮೊದಲ ಮಹಡಿಯಲ್ಲಿ, ಸಂಜೆ ಐದಕ್ಕೆ ಇತ್ತು. ಮಗಳನ್ನು ಕರೆದುಕೊಂಡು ನಾನು ಐದೂವರೆಗೆ ಹೋದೆ. ಆರೂಕಾಲಿಗೆ ಹೊರಟೆ.

ಆ ಮುಕ್ಕಾಲು ಗಂಟೆಯಲ್ಲಿ ನಾನು ಹೆಚ್ಚಾಗಿ ಆಕೆಯ ಮುಖವನ್ನೇ ನೋಡಿದೆ. ನಲವತ್ತನಾಲ್ಕು ವರ್ಷದ ಹೆಂಗಸಿನ ಮುಖ. ಕಣ್ಣಿನ ಪಕ್ಕ ಗೆರೆಗಳಿದ್ದವು, ಕತ್ತಿನ ಚರ್ಮ ಸಡಿಲವಾಗಿತ್ತು. ಕೆನ್ನೆಯಲ್ಲಿ ಮಾತ್ರ ಒಂದು ಚುಕ್ಕೆ ಕಲೆಯೂ ಇರಲಿಲ್ಲ. ಇಪ್ಪತ್ತೆರಡು ವರ್ಷಗಳಲ್ಲಿ ಆಕೆಯನ್ನು ಕಂಡಾಗಲೆಲ್ಲ ನಾನು ಆ ಮುಖದಲ್ಲಿ ಒಂದು ಮೊಡವೆಗಾಗಿ ಹುಡುಕಿದ್ದೇನೆ. ಒಂದೇ ಒಂದು ಸಿಕ್ಕಿದ್ದರೂ ಸಾಕಿತ್ತು. ಸಿಗಲಿಲ್ಲ.

ನಾನು ಪತ್ರಿಕೆಯೊಂದರ ಸುದ್ದಿ ಡೆಸ್ಕಿನಲ್ಲಿದ್ದೇನೆ. ಎರಡನೇ ಪುಟದ ಕೆಳಗಿನ ಮೂಲೆಯಲ್ಲಿ ಬರುವ ‘ತಿದ್ದುಪಡಿ’ ಎಂಬ ಪುಟ್ಟ ಚೌಕಟ್ಟು ಬಹಳ ವರ್ಷಗಳಿಂದ ನನ್ನ ಸುಪರ್ದಿಯಲ್ಲಿದೆ. ಯಾರ ಹೆಸರು ತಪ್ಪಾಯಿತು, ಯಾವ ಊರು ತಪ್ಪಾಯಿತು, ನಿಜ ಏನು. ಇಷ್ಟೇ ಕೆಲಸ. ಆಕೆಯ ಬಗ್ಗೆ ಬರೆಯುವಾಗಲೂ ನೋಡಿದ್ದು, ಕೇಳಿದ್ದು ಮಾತ್ರ ಬರೆಯುತ್ತೇನೆ. ನನಗೆ ಅನಿಸಿದ್ದನ್ನು ಹೇಳುವ ಕಡೆ, ಅನಿಸಿದ್ದು ಎಂದೇ ಹೇಳುತ್ತೇನೆ.

1988ರಲ್ಲಿ ಆಕೆಯ ಕುಟುಂಬ ಇಳಕಲ್ ಕಡೆಯಿಂದ ಕೂಕಟ್‌ಪಲ್ಲಿಯ ನಮ್ಮ ಕಾಲೊನಿಗೆ, ನಮ್ಮ ಪಕ್ಕದ ಮನೆಗೆ ಬಂತು. ನಮ್ಮದು ಧಾರವಾಡ ಕಡೆಯ ಮನೆತನ. ನನ್ನ ತಂದೆ ಕೇಂದ್ರ ಸರ್ಕಾರದ ಕಾರ್ಖಾನೆಯಲ್ಲಿದ್ದುದರಿಂದ ನಾನು ಹುಟ್ಟಿದ್ದೂ ಬೆಳೆದದ್ದೂ ಹೈದರಾಬಾದಿನಲ್ಲೇ. ತೆಲುಗು, ಹಿಂದಿ ನನಗೆ ನೀರು ಕುಡಿದಷ್ಟು ಸಲೀಸು. ಆಕೆಗೆ ಎರಡೂ ಬರುತ್ತಿರಲಿಲ್ಲ. ಆಕೆಯ ತಂದೆ ಅದಕ್ಕೂ ಕೆಲವು ವರ್ಷ ಮೊದಲಿನಿಂದ ಜೀಡಿಮೆಟ್ಲಾದ ಒಂದು ಔಷಧ ಕಾರ್ಖಾನೆಯಲ್ಲಿ, ಮುಲಾಮು ತುಂಬುವ ವಿಭಾಗದಲ್ಲಿದ್ದರು. ಟ್ಯೂಬಿನ ಬಾಲ ಸರಿಯಾಗಿ ಮಡಚಿದೆಯೇ ಎಂದು ಉಗುರಿನಿಂದ ಒತ್ತಿ ನೋಡುವುದು ಅವರ ಕೆಲಸ. ಮನೆಯಲ್ಲಿ ಹಲ್ಲುಜ್ಜುವ ಪೇಸ್ಟ್ ಕೈಗೆ ಸಿಕ್ಕರೂ ಹಾಗೇ ಒತ್ತಿ ನೋಡುತ್ತಿದ್ದರು. ಆಕೆಗೂ ಅದೇ ಅಭ್ಯಾಸ ಬಂದಿತ್ತು. ಯಾವ ಟ್ಯೂಬನ್ನೇ ಆಗಲಿ, ಮೊದಲು ತಿರುಗಿಸಿ ಹಿಂದೆ ಬರೆದದ್ದನ್ನು ಓದುತ್ತಿದ್ದಳು, ಆಮೇಲೆ ಬಾಲವನ್ನು ಹೆಬ್ಬೆರಳಿನಿಂದ ಒತ್ತುತ್ತಿದ್ದಳು.

ನಮ್ಮಿಬ್ಬರಿಗೂ ಆಗ ಇಪ್ಪತ್ತೊಂದು. ಇಬ್ಬರ ಮುಖದಲ್ಲೂ ಮೊಡವೆ. ಆಕೆಯದು ನನ್ನದಕ್ಕಿಂತ ಹೆಚ್ಚಿತ್ತು. ಹಣೆಯಿಂದ ಗದ್ದದವರೆಗೆ ಕೆಂಪಗೆ, ಕೆಲವು ಕೀವು ತುಂಬಿ ಹಣ್ಣಾಗಿ ಇರುತ್ತಿದ್ದವು. ನಮ್ಮ ಸ್ನೇಹದ ಆಧಾರ ಅದೇ ಎಂದು ನನಗೆ ಆಗಲೂ ಗೊತ್ತಿತ್ತು. ಆಕೆಯ ಪಕ್ಕ ನಿಂತರೆ ನಾನು ಪರವಾಗಿಲ್ಲ ಎನ್ನುವಂತೆ ಕಾಣುತ್ತಿದ್ದೆ.

1989ರ ಅಕ್ಟೋಬರಿನಲ್ಲಿ ಆ ವಿಮಾನ ಸಂಸ್ಥೆಯ ಜಾಹೀರಾತು ಬಂತು. ಬೇಗಂಪೇಟೆ ನಿಲ್ದಾಣದ ಕೌಂಟರಿಗೆ ಪದವೀಧರ ಯುವತಿಯರು ಬೇಕು. ಎತ್ತರ ಇಷ್ಟಿರಬೇಕು, ಇಂಗ್ಲಿಷ್ ಬರಬೇಕು, ಮುಖದಲ್ಲಿ ಕಲೆ ಇರಬಾರದು. ಈ ಕೊನೆಯ ಷರತ್ತನ್ನು ಆಗಿನ ಜಾಹೀರಾತುಗಳಲ್ಲಿ ಯಾರೂ ಮುಚ್ಚಿಟ್ಟು ಬರೆಯುತ್ತಿರಲಿಲ್ಲ. ಸಂದರ್ಶನ ಡಿಸೆಂಬರ್ ಮಧ್ಯದಲ್ಲಿ. ಆ ಕೆಲಸ ನನಗೆ ಬೇಕಿತ್ತು. ಅಷ್ಟು ಬೇಕು ಅನಿಸಿದ್ದು ಆವರೆಗೆ ಯಾವುದೂ ಇರಲಿಲ್ಲ. ಬಸ್ಸಿನಲ್ಲಿ ಬೇಗಂಪೇಟೆ ದಾಟುವಾಗಲೆಲ್ಲ ನಿಲ್ದಾಣದ ಬಾಗಿಲಲ್ಲಿ ನೀಲಿ ಸೀರೆಯುಟ್ಟು ನಿಂತವರನ್ನು ನೋಡುತ್ತಿದ್ದೆ. ನಾನು ಕಚೇರಿಗೆ ಹೋಗಿ ಒಂದು ಫಾರಂ ಕೇಳಿದೆ. ಗುಮಾಸ್ತ ಎರಡು ಕೊಟ್ಟ, ಅಂಟಿಕೊಂಡಿದ್ದವು. ಎರಡನೆಯದನ್ನು ಆಕೆಗೆ ಕೊಟ್ಟೆ. ಉದಾರತನದಿಂದ ಕೊಟ್ಟದ್ದಲ್ಲ. ಜೊತೆಗೆ ಒಬ್ಬರಿದ್ದರೆ ಹೋಗಿಬರಲು ಅನುಕೂಲ ಎಂದುಕೊಂಡೆ. ಆ ಮುಖ ಇಟ್ಟುಕೊಂಡು ಆಕೆಗೆ ಸಿಗುವುದಿಲ್ಲ ಎಂಬುದೂ ಖಾತ್ರಿಯಿತ್ತು.

ನವೆಂಬರ್ ಮೊದಲ ವಾರ ಇಬ್ಬರೂ ಬೇಗಂಪೇಟೆ ರೈಲು ನಿಲ್ದಾಣದ ಬಳಿ ಇದ್ದ ಚರ್ಮದ ಡಾಕ್ಟರಮ್ಮನ ಹತ್ತಿರ ಹೋದೆವು. ವಯಸ್ಸಾದವರು, ತೆಲುಗು ಬಿಟ್ಟು ಬೇರೆ ಮಾತಾಡುತ್ತಿರಲಿಲ್ಲ. ಇಬ್ಬರಿಗೂ ಒಂದೇ ಚೀಟಿ ಬರೆದರು. ಬೆಳಿಗ್ಗೆ ಹಚ್ಚಲು ಒಂದು ಬಿಳಿ ಮುಲಾಮು, ರಾತ್ರಿಗೆ ಇನ್ನೊಂದು ಸಣ್ಣ ಟ್ಯೂಬು. ರಾತ್ರಿಯದನ್ನು ಎತ್ತಿ ತೋರಿಸಿ ಹೇಳಿದರು: “ಪ್ರತಿ ರೋಜು ರಾತ್ರಿ ರಾಸ್ಕೋ ಅಮ್ಮಾ. ಮೂಡು ನೆಲಲು. ಮಾನೊದ್ದು.”

ದಿನಾ ರಾತ್ರಿ ಹಚ್ಚಿಕೋ, ಮೂರು ತಿಂಗಳು, ಬಿಡಬೇಡ. ನನಗೆ ಅರ್ಥವಾದದ್ದು ಇಷ್ಟು. ಆಕೆಗೆ ಬೇರೆ ಅರ್ಥವಾಯಿತು. ತೆಲುಗಿನಲ್ಲಿ ‘ರಾಸ್ಕೋ’ ಎಂದರೆ ಹಚ್ಚಿಕೋ ಎಂದೂ ಆಗುತ್ತದೆ, ಬರೆದುಕೋ ಎಂದೂ ಆಗುತ್ತದೆ. ಆಕೆ ಆಗ ಕೂಕಟ್‌ಪಲ್ಲಿಯ ಟೈಪಿಂಗ್ ಶಾಲೆಗೆ ಹೋಗುತ್ತಿದ್ದಳು. ಅಲ್ಲಿಯ ಮೇಷ್ಟ್ರು ಪಾಠ ಹೇಳುವಾಗ ಪ್ರತಿ ಸಾಲಿಗೆ ಒಮ್ಮೆ “ರಾಸ್ಕೋಂಡಿ, ರಾಸ್ಕೋಂಡಿ” ಎನ್ನುತ್ತಿದ್ದರಂತೆ. ಆಕೆಗೆ ಗೊತ್ತಿದ್ದ ‘ರಾಸ್ಕೋ’ ಅದೊಂದೇ.

ಎರಡು ವಾರ ಬಿಟ್ಟು ತೋರಿಸಲು ಹೋದಾಗ ಆಕೆ ಚೀಲದಿಂದ ಇನ್ನೂರು ಪುಟದ ಒಂದು ನೋಟ್‌ಬುಕ್ ತೆಗೆದು ಡಾಕ್ಟರಮ್ಮನ ಮೇಜಿನ ಮೇಲೆ ಇಟ್ಟಳು. ದಿನಕ್ಕೆ ಒಂದು ಹಾಳೆ. ತಾರೀಖು, ಹಣೆಯಲ್ಲಿ ಎಷ್ಟು, ಎಡಗೆನ್ನೆಯಲ್ಲಿ ಎಷ್ಟು, ಬಲದಲ್ಲಿ ಎಷ್ಟು, ಉರಿ ಇದೆಯೇ, ಸಿಪ್ಪೆ ಏಳುತ್ತಿದೆಯೇ.

ಡಾಕ್ಟರಮ್ಮ ಕನ್ನಡಕ ಸರಿ ಮಾಡಿಕೊಂಡು ಹಾಳೆ ತಿರುವಿದರು. ಯಾರು ಹೇಳಿದರು ಇದನ್ನು ಬರೆಯಲು ಎಂದು ಕೇಳಿದರು.

“ಮೀರೇ,” ಎಂದಳು ಆಕೆ. ನೀವೇ. “ರಾಸ್ಕೋ ಅನ್ನಾರು ಗದಾ.” ರಾಸ್ಕೋ ಅಂದಿರಲ್ಲ.

ಡಾಕ್ಟರಮ್ಮ ನಕ್ಕರು, ಒಳಗಿದ್ದ ಕಾಂಪೌಂಡರನ್ನು ಕರೆದು ತೋರಿಸಿ ಮತ್ತೆ ನಕ್ಕರು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ಹೊರಗೆ ಬಂದ ಮೇಲೆ ಕೇಳಿದೆ: “ಲೇ, ರಾಸ್ಕೋ ಅಂದ್ರ ಹಚ್ಚಿಕೋ ಅಂತ. ಅಷ್ಟೂ ಗೊತ್ತಾಗಲಿಲ್ಲೇನ ನಿನಗ?”

“ಹಚ್ಚೋದು ಹೇಳಬೇಕೇನ? ಟ್ಯೂಬ್ ಕೊಟ್ಟಮ್ಯಾಲೆ ಹಚ್ಚಾಕನ ಅಲ್ಲೇನು? ಬರಿ ಅಂದಾರ ಅಂತ ತಿಳಕೊಂಡೆ, ಬರದೆ.” ಸ್ವಲ್ಪ ದೂರ ನಡೆದ ಮೇಲೆ ಅಂದಳು: “ಇನ್ನ ಹಚ್ಚೋದೂ ಹಚ್ಚತೀನಿ, ಬರಿಯೋದೂ ಬರೀತೀನಿ. ಒಂದ ಮಾತಿಗೆ ಎರಡು ಕೆಲಸ.”

ಡಾಕ್ಟರಮ್ಮ ನಕ್ಕ ಮೇಲೆ ಮಾಡಿದ್ದನ್ನೂ ದಾಖಲಿಸಬೇಕು. ನೋಟ್‌ಬುಕ್ಕನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಆಕೆಗೆ ಉರಿ ಹೆಚ್ಚಾದ ದಿನಗಳನ್ನು ಗುರುತಿಸಿ, ಅಂಥ ದಿನ ಬಿಟ್ಟು ಮರುದಿನ ಹಚ್ಚು ಎಂದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: “ನೀದೆಕ್ಕಡ?” ನಿನ್ನದೆಲ್ಲಿ?

ನನ್ನ ಬಳಿ ಇರಲಿಲ್ಲ. ಬದುಕಿನಲ್ಲಿ ಆಕೆಯ ಮೇಲೆ ನನಗೆ ಮೊದಲ ಸಲ ಹೊಟ್ಟೆ ಉರಿದದ್ದು ಆ ಒಂದು ಪ್ರಶ್ನೆಗೆ. ಮುಖಕ್ಕಿಂತ ಮೊದಲು ನೋಟ್‌ಬುಕ್ಕಿಗಾಗಿ ಉರಿಯಿತು.

ಅಂದು ಸಂಜೆಯೇ ಕಾಲೊನಿಯ ತರಕಾರಿ ಗಾಡಿಯ ಬಳಿ ಸೇರಿದ ಕನ್ನಡದ ಹೆಂಗಸರಿಗೆಲ್ಲ ನಾನು ಈ ಕಥೆ ಹೇಳಿದೆ. ಚೆನ್ನಾಗಿಯೇ ಹೇಳಿದೆ, ಡಾಕ್ಟರಮ್ಮನ ಧ್ವನಿ ತೆಗೆದು. ಮರುದಿನದಿಂದ ಆಕೆಯ ಹೆಸರೇ ರಾಸ್ಕೋ ಆಯಿತು.

“ಏನವ್ವಾ ರಾಸ್ಕೋ, ಇವತ್ತ ಎಷ್ಟು ಬರದಿ?”

“ಇವತ್ತ ಇಪ್ಪತ್ತಾರು ಮಂದಿ ಬಂದಾರ್ರಿ. ನಾಳೆ ಇಬ್ಬರು ಊರಿಗೆ ಹೊಂಟಾರ,” ಎಂದು ಆಕೆ ಬದನೆಕಾಯಿ ಆರಿಸುತ್ತಲೇ ಉತ್ತರ ಕೊಡುತ್ತಿದ್ದಳು. ಬಿಳಿ ಮುಲಾಮು ತಾಗಿದ ಬಟ್ಟೆಯ ಬಣ್ಣ ಹೋಗುತ್ತಿತ್ತು. ಆಕೆಯ ನೀಲಿ ದುಪಟ್ಟಾದ ಅಂಚಿಗೆಲ್ಲ ಬಿಳಿ ಮಚ್ಚೆ. ಯಾರೋ ಅದನ್ನು ಎತ್ತಿ ತೋರಿಸಿದಾಗ, “ಮುಖದ ಮ್ಯಾಗಿನ ಕಲಿ ದುಪಟ್ಟಾಕ್ಕ ವರ್ಗಾ ಆಗ್ಯಾವ್ರಿ, ಸರ್ಕಾರಿ ಆರ್ಡರ್,” ಎಂದಿದ್ದಳು. ಎಲ್ಲರೂ ನಕ್ಕರು. ಈ ಸಲ ನಾನು ನಗಲಿಲ್ಲ, ಏಕೆಂದರೆ ಆ ಮಾತು ನನಗೆ ಹೊಳೆಯಬೇಕಿತ್ತು.

ಆಕೆ ಮುಲಾಮು ಹಚ್ಚುವುದನ್ನು ನಾನು ಒಮ್ಮೆ ನೋಡಿದ್ದೇನೆ. ಊಟವಾದ ಮೇಲೆ ಮುಖ ತೊಳೆದು, ಒಣಗಲಿ ಎಂದು ಸುಮ್ಮನೆ ಗೋಡೆಗೆ ಒರಗಿ ಕೂತಳು, ರೇಡಿಯೊದಲ್ಲಿ ಎರಡು ಹಾಡು ಮುಗಿಯುವವರೆಗೆ. ತೋರುಬೆರಳ ತುದಿಗೆ ಬಟಾಣಿ ಕಾಳಿನಷ್ಟು. ಹಣೆಗೆ, ಮೂಗಿಗೆ, ಗದ್ದಕ್ಕೆ, ಎರಡು ಕೆನ್ನೆಗೆ, ಐದು ಚುಕ್ಕೆ. ಅದನ್ನೇ ಹರಡಬೇಕು, ಇನ್ನೊಮ್ಮೆ ತೆಗೆಯಬಾರದು. ನಾನು ಹಾಗೆ ಮಾಡುತ್ತಿರಲಿಲ್ಲ. ಹೆಚ್ಚು ಹಚ್ಚಿದರೆ ಬೇಗ ಹೋಗುತ್ತವೆ ಎಂದು ಒದ್ದೆ ಮುಖಕ್ಕೆ ಗೋಡೆಗೆ ಸುಣ್ಣ ಬಳಿದಂತೆ ಬಳಿಯುತ್ತಿದ್ದೆ.

ಮೂರನೇ ವಾರ ಇಬ್ಬರ ಮುಖವೂ ಕೆಟ್ಟಿತು. ಆ ಟ್ಯೂಬಿನ ಸ್ವಭಾವವೇ ಹಾಗೆ, ಒಳಗಿದ್ದದ್ದನ್ನೆಲ್ಲ ಮೊದಲು ಮೇಲೆ ತರುತ್ತದೆ. ಚರ್ಮ ಸುಲಿದು, ನಕ್ಕರೆ ಬಾಯಿಯ ಪಕ್ಕ ಬಿರಿಯುತ್ತಿತ್ತು. ಆಕೆ ನೋಟ್‌ಬುಕ್ ತಂದು ನನ್ನ ಮುಂದೆ ಹಿಡಿದಳು. “ನೋಡಿಲ್ಲಿ. ಹೋದ ವಾರ ಇಪ್ಪತ್ತಾರು, ಈಗ ಮೂವತ್ತೊಂದು. ಆದ್ರ ಹೊಸಾವು ಬರೋದು ಕಡಿಮಿ ಆಗಾಕತ್ತಾವ. ಇದು ಮೂರನೇ ವಾರ ಐತಿ, ತಡಕೋ. ಮುಲಾಮಿಗೆ ಅವಸರ ತಿಳಿಯಂಗಿಲ್ಲ ಅಂತಾರ ನಮ್ಮಪ್ಪ.”

“ರಾಸ್ಕೋ, ರಾಸ್ಕೋ,” ಎಂದೆ ನಾನು. ಆ ದಿನಗಳಲ್ಲಿ ಆಕೆ ಮುಖದ ವಿಷಯ ಎತ್ತಿದಾಗಲೆಲ್ಲ ನಾನು ಅದನ್ನೇ ಅನ್ನುತ್ತಿದ್ದೆ. ಆಕೆ ನೋಟ್‌ಬುಕ್ ಮುಚ್ಚಿಕೊಂಡು ಹೋಗುತ್ತಿದ್ದಳು.

ಸಂದರ್ಶನಕ್ಕೆ ಮೂರೇ ವಾರ ಉಳಿದಿತ್ತು. ನಾನು ನಮ್ಮ ಬೀದಿಯ ಮೆಡಿಕಲ್ ಅಂಗಡಿಗೆ ಹೋಗಿ, ಬೇಗ ಹೋಗುವುದು ಏನಾದರೂ ಇದೆಯೇ ಎಂದು ಕೇಳಿದೆ. ಅಂಗಡಿಯವನು ಒಂದು ಟ್ಯೂಬ್ ಕೊಟ್ಟ. “ಏಕ್ ಹಫ್ತೇ ಮೇಂ ಚೆಹರಾ ಚಮಕ್ ಜಾತಾ ಅಮ್ಮಾ,” ಎಂದ. ಸುಳ್ಳು ಹೇಳಲಿಲ್ಲ. ಒಂದು ವಾರದಲ್ಲಿ ನನ್ನ ಮುಖ ಹೊಳೆಯಿತು. ಕೆಂಪು ಇಳಿಯಿತು, ಗುಳ್ಳೆ ಕುಗ್ಗಿದವು, ಬಣ್ಣವೂ ತಿಳಿಯಾಯಿತು. ಡಾಕ್ಟರಮ್ಮನ ಎರಡೂ ಟ್ಯೂಬುಗಳನ್ನು ನಾನು ನಮ್ಮ ಮನೆಯ ಕಿಟಕಿಯಿಂದ ತೆಗೆದೆ, ಹೊಸದನ್ನು ಅಲ್ಲಿಟ್ಟೆ. ಕಾಲೊನಿಯ ಹೆಂಗಸರು ನನ್ನನ್ನು ನಿಲ್ಲಿಸಿ ಕೇಳತೊಡಗಿದರು. ಆಕೆ ಪಕ್ಕದಲ್ಲಿ ಹಸಿರು ಬಕೆಟ್ ಹಿಡಿದು, ಸುಲಿದ ಮುಖದಲ್ಲಿ, ನೀರಿನ ಸರದಿಗೆ ನಿಂತಿರುತ್ತಿದ್ದಳು. ನನ್ನ ಬದುಕಿನ ಅತ್ಯಂತ ಸಂತೋಷದ ವಾರಗಳಲ್ಲಿ ಅದೂ ಒಂದು.

ಸಂದರ್ಶನಕ್ಕೆ ಎರಡು ದಿನ ಇರುವಾಗ ಕಾಗದ ಬಂತು. ಬೊಂಬಾಯಿಯಿಂದ ಬರಬೇಕಿದ್ದ ಅಧಿಕಾರಿಗಳು ಬರುತ್ತಿಲ್ಲ, ಸಂದರ್ಶನ ಫೆಬ್ರವರಿ ಮೊದಲ ವಾರಕ್ಕೆ ಮುಂದೆ ಹೋಗಿದೆ.

ಮುಂದಿನದನ್ನು ಚುಟುಕಾಗಿ ಹೇಳುತ್ತೇನೆ. ಆ ಹೊಳಪಿನ ಮುಲಾಮನ್ನು ನಿಲ್ಲಿಸಿದರೆ ಎರಡೇ ದಿನದಲ್ಲಿ ಮುಖ ಉರಿಯುತ್ತಿತ್ತು, ಆದ್ದರಿಂದ ಮುಂದುವರಿಸಿದೆ. ಜನವರಿಯಲ್ಲಿ, ಹಚ್ಚುತ್ತಿರುವಾಗಲೇ, ಮೊಡವೆಗಳು ಒಟ್ಟಿಗೆ ಎದ್ದವು, ಮೊದಲಿಗಿಂತ ದಪ್ಪ. ಕೆನ್ನೆಯ ಮೇಲೆ ಸಣ್ಣ ಕೂದಲು ಬಂತು. ಬಿಸಿಲಿಗೆ ಹೋದರೆ ಮುಖ ಬೆಂದಂತಾಗುತ್ತಿತ್ತು. ಅದೇ ಹೊತ್ತಿಗೆ ಆಕೆಯ ಮುಲಾಮಿಗೆ ಮೂರು ತಿಂಗಳು ತುಂಬಿತು.

ಸಂದರ್ಶನದ ಕೋಣೆಯಲ್ಲಿ ಮೂವರಿದ್ದರು. ಅವರಲ್ಲಿದ್ದ ಹೆಂಗಸು ನನ್ನನ್ನು ಕಿಟಕಿಯ ಬಳಿ ನಿಲ್ಲಲು ಹೇಳಿದರು. ನಿಂತೆ. “ಚಿಕಿತ್ಸೆ ಮಾಡಿಸಿಕೊಂಡು ಮುಂದಿನ ವರ್ಷ ಬಾಮ್ಮಾ,” ಎಂದರು, ಒಳ್ಳೆಯ ಧ್ವನಿಯಲ್ಲೇ. ನನ್ನ ನಂತರ ಆಕೆ ಒಳಗೆ ಹೋದಳು. ಬಾಗಿಲು ಅರ್ಧ ತೆರೆದಿತ್ತು. ಆಕೆಯನ್ನೂ ಕಿಟಕಿಯ ಬಳಿ ನಿಲ್ಲಿಸಿದರು. ಬೆಳಕು ಮುಖದ ಮೇಲೆ ಬಿದ್ದದ್ದನ್ನು ನಾನು ಬೆಂಚಿನಿಂದ ನೋಡಿದೆ.

ಕೆಲಸದ ಕಾಗದ ಬಂದ ದಿನ ಆಕೆಯ ತಾಯಿ ಶೇಂಗಾ ಹೋಳಿಗೆ ಮಾಡಿದರು. ಆಕೆಯೇ ತಟ್ಟೆ ಹಿಡಿದು ಬಂದಳು. ನಾನು ಹೊಟ್ಟೆ ಸರಿಯಿಲ್ಲ ಎಂದೆ.

“ಏನಾಗೇತಿ ಹೊಟ್ಟಿಗೆ?” ಎಂದು ಒಳಗಿನಿಂದ ನನ್ನ ತಾಯಿ ಕೇಳಿದರು. “ಮುಂಜಾನಿ ಚಲೋ ಇದ್ದಿ?”

ಆಕೆ ತಟ್ಟೆಯನ್ನು ಕಿಟಕಿಯಲ್ಲಿ, ನನ್ನ ಟ್ಯೂಬಿನ ಪಕ್ಕ ಇಟ್ಟು ಹೋದಳು.

ಆ ವಾರವೇ ನಾನು ಡಾಕ್ಟರಮ್ಮನ ಬಳಿ ಒಬ್ಬಳೇ ಹೋದೆ. ಅವರು ಆ ಟ್ಯೂಬಿನ ಹಿಂಬದಿ ಓದಿ, ಬುಟ್ಟಿಗೆ ಎಸೆದು, ಅದರಲ್ಲಿ ಸ್ಟೆರಾಯ್ಡ್ ಇದೆ ಎಂದರು. ಮೊಡವೆಗೆ ಹಚ್ಚಲೇಬಾರದ್ದು ಎಂದರು. ಮುಖ ಸರಿಹೋಗಲು ಒಂದೂವರೆ ವರ್ಷ ಹಿಡಿಯಿತು. ಕೆನ್ನೆಯ ಗುಳಿಗಳು ಉಳಿದವು, ಈಗಲೂ ಇವೆ. ಆ ವರ್ಷದ ಕೊನೆಗೆ ಪತ್ರಿಕೆಯಲ್ಲಿ ಪ್ರೂಫ್ ನೋಡುವ ಕೆಲಸ ಸಿಕ್ಕಿತು. ಅಲ್ಲಿ ಯಾರೂ ಕಿಟಕಿಯ ಬಳಿ ನಿಲ್ಲಿಸಲಿಲ್ಲ.

ಅಂದು ಡಾಕ್ಟರಮ್ಮನ ಬಳಿಯಿಂದ ಬಸ್ಸಿನಲ್ಲಿ ವಾಪಸು ಬರುವಾಗ ನನಗೊಂದು ಯೋಚನೆ ಬಂತು, ಮತ್ತೆ ಹೋಗಲಿಲ್ಲ. ಆಕೆಯ ತಂದೆ ಮುಲಾಮಿನ ಕಾರ್ಖಾನೆಯವರು. ಆಕೆ ಎಲ್ಲ ಟ್ಯೂಬಿನ ಹಿಂಬದಿ ಓದುವವಳು. ನನ್ನ ಟ್ಯೂಬ್ ಎರಡು ತಿಂಗಳು ಕಿಟಕಿಯಲ್ಲಿ ಆಕೆಯ ಕಣ್ಣೆದುರಿಗೇ ಇತ್ತು. ಆಕೆಗೆ ಗೊತ್ತಿತ್ತು, ಆದರೆ ನನಗೆ ಹೇಳಲಿಲ್ಲ. ಇದನ್ನು ನಾನು ನನ್ನ ತಾಯಿಗೆ, ಆಮೇಲೆ ಗಂಡನಿಗೆ, ಡೆಸ್ಕಿನ ಇಬ್ಬರು ಸಹೋದ್ಯೋಗಿಗಳಿಗೆ, ಮಗಳಿಗೆ ಹೇಳಿದ್ದೇನೆ. ಇಪ್ಪತ್ತೆರಡು ವರ್ಷ ಒಂದೇ ಒಕ್ಕಣೆಯಲ್ಲಿ ಹೇಳಿದ್ದೇನೆ. ಕೆಲಸ ತಪ್ಪಿದ್ದಕ್ಕಿಂತ ಅದು ನನಗೆ ದೊಡ್ಡದಾಗಿತ್ತು.

ಆಕೆಯನ್ನು ಬೇಗಂಪೇಟೆಯಲ್ಲಿ ಆಗಾಗ ನೋಡುತ್ತಿದ್ದೆ. ಮಂತ್ರಿಗಳು ದೆಹಲಿಯಿಂದ ಇಳಿಯುವಾಗ ವರದಿಗಾರರ ಜೊತೆ ಹೋಗಬೇಕಾಗುತ್ತಿತ್ತು. ಒಮ್ಮೆ ವಿಮಾನ ಐದು ಗಂಟೆ ತಡ. ಕೌಂಟರಿನ ಮುಂದೆ ಜನ ಮೇಜು ಗುದ್ದುತ್ತಿದ್ದರು. ಆಕೆ ತೆಲುಗಿನಲ್ಲಿ ಒಬ್ಬರಿಗೆ, ಹಿಂದಿಯಲ್ಲಿ ಒಬ್ಬರಿಗೆ ಸಮಾಧಾನ ಹೇಳುತ್ತಿದ್ದಳು, ಎರಡೂ ಈಗ ನನ್ನಷ್ಟೇ ಚೆನ್ನಾಗಿ. ನನ್ನನ್ನು ಕಂಡು ಕನ್ನಡಕ್ಕೆ ತಿರುಗಿ, “ಮೂರನೇ ವಾರ ನಡದೈತಿ,” ಎಂದು ಕಣ್ಣು ಮಿಟುಕಿಸಿದಳು. ಎಲ್ಲ ಕಷ್ಟಕ್ಕೂ ಆಕೆಯದು ಅದೇ ಮಾತು. ತಂದೆ ಆಸ್ಪತ್ರೆಯಲ್ಲಿದ್ದಾಗಲೂ ಅದನ್ನೇ ಅಂದಿದ್ದಳು. ಅವರು ಉಳಿಯಲಿಲ್ಲ. ನಾನು ಮಣ್ಣಿಗೆ ಹೋಗಿದ್ದೆ. ಅಲ್ಲೂ, ಅತ್ತು ಊದಿದ ಆ ಮುಖದಲ್ಲಿ, ನನ್ನ ಕಣ್ಣು ಹುಡುಕುವುದನ್ನು ಬಿಡಲಿಲ್ಲ.

ಇನ್ನು ಮಾರ್ಚ್ 31ಕ್ಕೆ ಬರುತ್ತೇನೆ. ಹೋಟೆಲಿನಲ್ಲಿ ಆಕೆ ಹಾರ ತೆಗೆದಿಟ್ಟು ನೇರ ನಮ್ಮ ಕಡೆ ಬಂದಳು. ನನ್ನ ಮಗಳಿಗೆ ಹದಿನೇಳು. ಆರು ತಿಂಗಳಿಂದ ಮುಖದ ತುಂಬ ಮೊಡವೆ, ಫೋಟೊಗೆ ನಿಲ್ಲುವುದಿಲ್ಲ. ಆಕೆ ಮಗಳ ಗದ್ದವನ್ನು ಎರಡು ಬೆರಳಿನಿಂದ ಎತ್ತಿ ಬೆಳಕಿಗೆ ಹಿಡಿದಳು.

“ಏನ್ ಹಚ್ಚಾಕತ್ತೀಯವ್ವಾ?”

“ಇನ್ನೂ ಏನಿಲ್ಲ ಆಂಟಿ. ಮಮ್ಮಿ ಯಾವ ಕ್ರೀಮೂ ಬ್ಯಾಡ ಅಂತಾರ. ಅವರಿಗೆ ಭಯ.”

ಆಕೆ ನನ್ನನ್ನು ನೋಡಿದಳು. “ಡಾಕ್ಟರಿಗೆ ತೋರಸು. ಅಂಗಡಿಯವನ್ನ ಕೇಳಬ್ಯಾಡ,” ಎಂದಳು ಮಗಳಿಗೆ.

ಆಗ ನನಗೆ ಹೇಳದ್ದನ್ನು ಈಗ ಇವಳಿಗೆ ಹೇಳುತ್ತಾಳೆ, ಅಂದುಕೊಂಡೆ. ಮಗಳನ್ನು ಎಬ್ಬಿಸಿಕೊಂಡು ಹೊರಟೆ.

ಏಪ್ರಿಲ್ 9ರಂದು ಕಚೇರಿಯ ವಿಳಾಸಕ್ಕೆ ಒಂದು ಪೊಟ್ಟಣ ಬಂತು. ನಮ್ಮದೇ ಪತ್ರಿಕೆಯ ಹಾಳೆಯಲ್ಲಿ ಸುತ್ತಿದ್ದ ಹಳೆಯ ನೋಟ್‌ಬುಕ್. ಒಳಗೆ ಒಂದು ಚೀಟಿ: “ಹುಡುಗಿಗೆ ಕೊಡು. ಮುಂದ ಖಾಲಿ ಹಾಳಿ ಭಾಳ ಅದಾವ.” ಮಧ್ಯಾಹ್ನದ ಪುಟ ಮುಗಿದ ಮೇಲೆ ಮೇಜಿನಲ್ಲೇ ಕೂತು ಓದಿದೆ. ಮೊದಲ ಹಾಳೆಯಿಂದ ಎಣಿಕೆ. ಡಿಸೆಂಬರಿನ ಮೂರು ಹಾಳೆಗಳನ್ನು ಇದ್ದಂತೆಯೇ ಇಲ್ಲಿ ಕೊಡುತ್ತೇನೆ.

“ಡಿಸೆಂಬರ್ 5. ಹಣಿ 9. ಎಡಗಲ್ಲ 6. ಬಲಗಲ್ಲ 7. ಉರಿ ಕಡಿಮಿ. ಬಾಜೂ ಮನಿಯಾಕಿ ಟ್ಯೂಬ್ ನೋಡಿದೆ. ಅಪ್ಪನ್ನ ಕೇಳಿದೆ. ಅದರಾಗ ಸ್ಟೆರಾಯ್ಡ್ ಐತಿ, ಬಿಡಸು ಅಂದ್ರು. ನೀರಿನ ಪಾಳಿಯೊಳಗ ಆಕಿಗೆ ಹೇಳಿದೆ. ರಾಸ್ಕೋ ಅಂದು ನಕ್ಕಳು.”

“ಡಿಸೆಂಬರ್ 7. ಹಣಿ 8. ಎಡಗಲ್ಲ 6. ಬಲಗಲ್ಲ 5. ಮತ್ತ ಹೇಳಿದೆ. ಮತ್ತ ಅದನ್ನ ಅಂದಳು. ಮಂದಿ ಎಲ್ಲಾ ನಕ್ಕರು.”

“ಡಿಸೆಂಬರ್ 8. ಹಣಿ 8. ಎಡಗಲ್ಲ 5. ಬಲಗಲ್ಲ 5. ಆಕಿ ಮುಖ ಭಾಳ ಚಂದ ಕಾಣಾಕತ್ತೈತಿ. ಇನ್ನ ಹೇಳಂಗಿಲ್ಲ.”

ನೋಟ್‌ಬುಕ್ಕನ್ನು ಅಂದೇ ಮಗಳಿಗೆ ಕೊಟ್ಟೆ. ಆ ವಾರವೇ ಚರ್ಮದ ಡಾಕ್ಟರರ ಬಳಿ ಕರೆದುಕೊಂಡು ಹೋದೆ. ಅವರು ಅದೇ ಜಾತಿಯ ಮುಲಾಮನ್ನು ಬೇರೆ ಹೆಸರಿನಲ್ಲಿ ಬರೆದುಕೊಟ್ಟರು. ಏಪ್ರಿಲ್ 13ರ ಹಾಳೆಯಿಂದ ಕೈಬರಹ ನನ್ನ ಮಗಳದು.

ಮೇ 2ರಂದು ಬೆಳಿಗ್ಗೆ ಹನ್ನೊಂದಕ್ಕೆ ಆಕೆಗೆ ಫೋನ್ ಮಾಡಿದೆ. ನಾನು ನನ್ನ ಹೆಸರು ಹೇಳಿದೆ.

“ಹುಡುಗೀದು ಎಷ್ಟನೇ ವಾರ?” ಎಂದು ಆಕೆ ಕೇಳಿದಳು.

“ಮೂರನೇದು,” ಎಂದೆ.